ಬೈಸಿಕೊಂಡು ಹೋದವಳು

ಭುವನಾಳ ಬಾಯಿಂದ ‘ಆತು’ ಎಂಬ ಎರಡಕ್ಷರ ಹೊರಡಿಸುವುದು ಆದೋನಿಯ ಬೇಸಿಗೆಯಲ್ಲಿ ಆಕಾಶದಿಂದ ಹನಿ ಉದುರಿಸಿದಷ್ಟೇ ಕಷ್ಟದ ಕೆಲಸ. ಚಹಾ ಕುಡಿಯುತ್ತೀಯಾ ಎಂದು ಕೇಳಿದರೂ ತಲೆಯನ್ನು ಎಡಕ್ಕೆ ವಾಲಿಸಿ, ಕೆಳದುಟಿಯನ್ನು ಹಲ್ಲಿನಲ್ಲಿ ಹಿಡಿದು, ‘ತಡೀರಿ’ ಎನ್ನುತ್ತಾಳೆ. ಆ ‘ತಡೀರಿ’ಯ ಹಿಂದೆ, ಹೊಟ್ಟೆಯಲ್ಲಿ ಜಾಗವಿದೆಯೇ, ಈಗ ಕುಡಿದರೆ ಊಟ ಸೇರುತ್ತದೆಯೇ, ಇವರ ಮನೆಯಲ್ಲಿ ಹಾಲು ಸಾಕಷ್ಟಿದೆಯೇ, ಕೇಳಿದವರು ಬಾಯಿಮಾತಿಗೆ ಕೇಳಿದರೋ ಮನಸ್ಸಿನಿಂದ ಕೇಳಿದರೋ ಎಂಬ ಸಮಸ್ತ ವಿಚಾರಣೆಯೂ ನಡೆಯುತ್ತಿರುತ್ತದೆ. ಅಷ್ಟರಲ್ಲಿ ಕೇಳಿದವರ ಲೋಟದ ಚಹಾ ಆರಿ ಕೆನೆಗಟ್ಟಿರುತ್ತದೆ. ಆದರೆ ಒಮ್ಮೆ ‘ಆತು’ ಎಂದಳೆಂದರೆ ಮುಗಿಯಿತು; ಚಹಾದ ಬದಲು ಬೇವಿನ ಕಷಾಯವೇ ಬಂದರೂ ಲೋಟ ಬರಿದು ಮಾಡಿಯೇ ಏಳುವ ಹುಡುಗಿ ಅವಳು.

ನಡಿಗೆ ಮಾತ್ರ ಈ ನಿಧಾನಕ್ಕೆ ತದ್ವಿರುದ್ಧ. ಹಿಮ್ಮಡಿಯನ್ನು ನೆಲಕ್ಕೆ ಬಡಿಯುತ್ತ, ದುಪಟ್ಟಾವನ್ನು ಸೊಂಟಕ್ಕೆ ಬಿಗಿದು, ಹೊರಟುಹೋಗುತ್ತಿರುವ ಕೌತಾಳಂ ಬಸ್ಸನ್ನು ಹಿಡಿಯುವವಳಂತೆ ನಡೆಯುತ್ತಾಳೆ. ಎಂದೂ ಎಲ್ಲಿಗೂ ತಡವಾಗಿ ಹೋದವಳಲ್ಲ, ಆದರೂ ಆ ಅವಸರ ಬಿಟ್ಟಿಲ್ಲ. ನಾನು ಈ ಆಂಧ್ರದ ಗಡಿಯೂರಿನ ಕನ್ನಡ ಶಾಲೆಯಲ್ಲಿ ಪಾಠ ಹೇಳಿ, ನಿವೃತ್ತನಾಗಿ ಅವಳ ಓಣಿಯಲ್ಲೇ ನೆಲೆಸಿದವನು. ಬೆಳಗಿನ ಹೊತ್ತು ಕಿಟಕಿಯ ಹೊರಗೆ ಆ ಹಿಮ್ಮಡಿಗಳ ಸದ್ದು ಕೇಳಿದ ಮೇಲೆಯೇ ನನ್ನ ಗಡಿಯಾರಕ್ಕೆ ಕೀ ಕೊಡುವ ರೂಢಿಯಾಗಿತ್ತು. ಯೋಚನೆಯನ್ನೆಲ್ಲ ಹೊರಡುವ ಮುಂಚೆಯೇ ಮಾಡಿ ಮುಗಿಸಿದವರಿಗೆ ದಾರಿಯಲ್ಲಿ ಯೋಚಿಸುವ ಕೆಲಸವಿರುವುದಿಲ್ಲವಲ್ಲ, ಆ ವೇಗದ ಗುಟ್ಟು ಅದೇ ಇರಬೇಕು ಎಂದು ನನಗೆ ಬಹಳ ಸಲ ಅನ್ನಿಸಿದೆ.

ಅವಳ ತಂದೆತಾಯಿ ಹಾಲಹರವಿಯಲ್ಲಿ ಹೊಲಮನೆ ನೋಡಿಕೊಂಡಿದ್ದಾರೆ. ಓದಿಗಾಗಿ ಚಿಕ್ಕಂದಿನಲ್ಲೇ ತಾಯಿಯ ತವರಾದ ಆದೋನಿಗೆ ಬಂದ ಭುವನಾ ಬೆಳೆದದ್ದು ಅಜ್ಜ ಸಿದ್ದಬಸಪ್ಪ, ಅಜ್ಜಿ ಹೂವಮ್ಮ ಇವರ ಕೈಯಲ್ಲಿ. ಸಿದ್ದಬಸಪ್ಪ ಹತ್ತಿ ಮಾರ್ಕೆಟ್ಟಿನ ಹಳೆಯ ದಲಾಲಿ. ಈಗ ಮಾರ್ಕೆಟ್ಟಿನಲ್ಲಿ ಟೆಂಡರು, ಕಂಪ್ಯೂಟರು ಎಲ್ಲ ಬಂದಿವೆ. ಆದರೂ ಹಳೆಯ ತಲೆಗಳು ಕೆಲವರು ಇವತ್ತಿಗೂ ದರ ಕುದುರಿಸುವುದು ಟವೆಲ್ಲಿನ ಕೆಳಗೇ. ಎದುರುಬದುರು ಕೂತು, ಇಬ್ಬರ ಕೈಗಳ ಮೇಲೂ ಒಂದು ಟವೆಲ್ ಹೊದಿಸಿ, ಒಬ್ಬರ ಬೆರಳನ್ನು ಒಬ್ಬರು ಹಿಡಿದು ದರ ಹೇಳುತ್ತಾರೆ. ಸುತ್ತ ನಿಂತವರಿಗೆ ಟವೆಲ್ ಅಲುಗಾಡುವುದು ಕಾಣುತ್ತದೆಯೇ ಹೊರತು ಒಳಗಿನ ಮಾತು ತಿಳಿಯದು. ಕೊನೆಗೆ ಅಂಗೈಯನ್ನು ಗಟ್ಟಿಯಾಗಿ ಒತ್ತಿದರೆ ವ್ಯಾಪಾರ ಕುದುರಿದಂತೆ. ಒತ್ತಿದ ಮರುಗಳಿಗೆಯೇ ಇನ್ನೊಬ್ಬ ಬಂದು ಹೆಚ್ಚಿನ ದರ ಕೂಗಿದರೂ ಸಿದ್ದಬಸಪ್ಪ ಆ ಕಡೆ ತಿರುಗಿಯೂ ನೋಡುವುದಿಲ್ಲ. ‘ಕೈ ಒತ್ತಿದ ಹತ್ತಿ ನಂದಲ್ಲಪಾ, ಅವಂದು’ ಎಂದು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡುಬಿಡುತ್ತಾನೆ.

ಹತ್ತಿಯ ರಾಶಿಗಳ ಮೇಲೆ ಉರುಳಾಡಿ, ಆ ಟವೆಲ್ಲಿನ ಪಕ್ಕದಲ್ಲೇ ಕೂತು ಶಾಲೆಯ ಲೆಕ್ಕ ಮಾಡಿ ಬೆಳೆದ ಹುಡುಗಿಗೆ, ಒಪ್ಪಿಗೆ ಎಂದರೆ ಮೈಮೇಲೆ ಎಳೆದುಕೊಳ್ಳುವ ಭಾರ ಎಂಬುದು ಯಾರೂ ಹೇಳದೆಯೇ ತಿಳಿದಿರಬೇಕು. ಹೈಸ್ಕೂಲಿನಲ್ಲಿದ್ದಾಗ ಎದುರುಮನೆಯ ಗುರುಲಿಂಗಮ್ಮ ಹಪ್ಪಳ ಒತ್ತಲು ಬರುತ್ತೀಯಾ ಎಂದು ಕೇಳಿದ್ದಳು. ಇವಳು ತಡೆದು, ತೂಗಿ, ‘ಆತು’ ಎಂದಳು. ಅದೇ ದಿನ ಗೆಳತಿಯರು ಸಿನಿಮಾಕ್ಕೆ ಟಿಕೆಟ್ ತಂದು ಬಾಗಿಲಲ್ಲಿ ನಿಂತರು. ಗುರುಲಿಂಗಮ್ಮನೇ ಮರುಗಿ, ‘ಹೋಗವ್ವಾ, ಹಪ್ಪಳ ಎಲ್ಲಿ ಓಡಿ ಹೊಕ್ಕಾವ?’ ಎಂದರೂ ಕೇಳಲಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡು, ಮುಖ ಊದಿಸಿಕೊಂಡು, ಸಂಜೆಯವರೆಗೆ ಹಪ್ಪಳ ಒತ್ತಿದಳು. ಆ ವರ್ಷದ ಹಪ್ಪಳಕ್ಕೆ ಉಪ್ಪು ಜಾಸ್ತಿಯಾಗಿದ್ದಕ್ಕೆ ಅವಳ ಕಣ್ಣೀರೇ ಕಾರಣ ಎಂದು ಗುರುಲಿಂಗಮ್ಮ ಈಗಲೂ ಹಂಗಿಸುತ್ತಾಳೆ.

ಇಂಥವಳು ಕೆಮಿಸ್ಟ್ರಿಯಲ್ಲಿ ಬಿ.ಎಸ್ಸಿ. ಮುಗಿಸಿದಾಗ, ಅಜ್ಜನೇ ಮುಂದಾಗಿ ಗಾದಿಲಿಂಗಪ್ಪನ ಜಿನ್ನಿಂಗ್ ಮಿಲ್ಲಿಗೆ ಕರೆದುಕೊಂಡು ಹೋದ. ಹತ್ತಿಯಿಂದ ಕಾಳು ಬಿಡಿಸಿ, ಅರಳೆಯನ್ನು ಒತ್ತಿ ಬೇಲು ಕಟ್ಟುವ ಮಿಲ್ಲು ಅದು. ಹತ್ತಿಯಲ್ಲಿ ತೇವ ಎಷ್ಟಿದೆ, ಕಸ ಎಷ್ಟಿದೆ ಎಂದು ಯಂತ್ರ ಹಿಡಿದು ನೋಡಿ ಚೀಟಿ ಬರೆಯುವವರು ಒಬ್ಬರು ಬೇಕು, ನೂಲಿನ ಗಿರಣಿಯವರು ಈಗ ಚೀಟಿಯಿಲ್ಲದೆ ಬೇಲು ಕೊಳ್ಳುವುದಿಲ್ಲ ಎಂದು ಗಾದಿಲಿಂಗಪ್ಪ ಒದ್ದಾಡುತ್ತಿದ್ದ ಕಾಲ. ಗಾದಿಲಿಂಗಪ್ಪ ಒರಟ, ಆದರೆ ಒಳ್ಳೆಯವನು. ಅವನ ಆಫೀಸಿನ ಜಗಲಿಯಲ್ಲಿ ಬೆಳಗಿನ ಚಹಾ ಮತ್ತು ಪತ್ರಿಕೆ ಎರಡನ್ನೂ ಪುಕ್ಕಟೆಯಾಗಿ ಅನುಭವಿಸುವ ನನಗೆ ಅವನ ವಿಷಯದಲ್ಲಿ ಬೇರೆ ಅಭಿಪ್ರಾಯವಿರಲು ಸಾಧ್ಯವೂ ಇಲ್ಲ.

‘ಹುಡುಗೇರು ಕೆಲ್ಸ ಕಲೀತಾರ, ಕಲ್ತ ಕೂಡ್ಲೆ ಮದ್ವಿ ಆಗಿ ಹೊಕ್ಕಾರ,’ ಎಂದು ಅವನು ತನ್ನ ಅನುಮಾನ ಮುಂದಿಟ್ಟ. ‘ಎಷ್ಟ ದಿನ ಇರ್ತಿಯವ್ವಾ ನೀನು?’

ಅವಳು ‘ತಡೀರಿ’ ಎಂದಳು. ಅಂಗಳದಲ್ಲಿ ಒಂದು ಟ್ರ್ಯಾಕ್ಟರಿನ ಹತ್ತಿ ಪೂರ್ತಿ ಇಳಿಯುವವರೆಗೂ ಅದನ್ನೇ ನೋಡುತ್ತ ನಿಂತು, ಆಮೇಲೆ, ‘ಎರಡು ಸುಗ್ಗಿ ಇರ್ತೀನ್ರಿ, ಸಾವ್ಕಾರ್ರ. ಆತು,’ ಎಂದಳು. ಸಿದ್ದಬಸಪ್ಪ ಟವೆಲ್ ಹಾಸಿದ. ಇಬ್ಬರು ಮುದುಕರೂ ಅದರ ಕೆಳಗೆ ಕೈಯಿಟ್ಟು ಒತ್ತಿದರು. ನೌಕರಿಯ ಒಪ್ಪಂದವೊಂದು ಹಾಗೆ ಆದದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಗಾದಿಲಿಂಗಪ್ಪ ಅವಳಿಗೊಂದು ಬಿಳಿಯ ಕೋಟು ಹೊಲಿಸಿಕೊಟ್ಟ. ಲ್ಯಾಬಿನವರು ಕೋಟು ಹಾಕಬೇಕು ಎಂದು ಯಾರೋ ಹೇಳಿದ್ದರಂತೆ. ಲ್ಯಾಬು ಎಂದರೆ ತೂಕದ ಕಾಟಾದ ಪಕ್ಕ ಒಂದು ಮೇಜು, ಒಂದು ಯಂತ್ರ, ಅಷ್ಟೇ. ದರ್ಜಿ ಡಾಕ್ಟರುಗಳಿಗೆ ಹೊಲಿಯುವವನು, ಅದೇ ಅಳತೆಯಲ್ಲಿ ಹೊಲಿದ. ಮೊಣಕಾಲಿನ ಕೆಳಗಿಳಿಯುವ ಆ ಕೋಟಿನಲ್ಲಿ, ಕೂದಲಿಗೆಲ್ಲ ಅರಳೆಯ ಎಳೆ ಅಂಟಿಸಿಕೊಂಡು ಅವಳು ಓಡಾಡುತ್ತಿದ್ದರೆ ಹತ್ತಿ ತಂದ ರೈತರು ‘ಡಾಕ್ಟ್ರಮ್ಮ’ ಎಂದೇ ಕರೆಯತೊಡಗಿದರು. ಹೊಳಗುಂದಿ ಕಡೆಯ ಮಾರೆಪ್ಪನೆಂಬ ಮುದುಕ ಮೊಣಕಾಲು ನೋವಿಗೆ ಗುಳಿಗೆ ಕೇಳಿದಾಗ, ಇವಳು ಅವನ ಹತ್ತಿಯ ತೇವ ನೋಡಿ, ‘ತಾತಾ, ನಿನ್ನ ಮೊಣಕಾಲಿಗಿಂತ ನಿನ್ನ ಹತ್ತಿಗೆ ನೀರು ಹೆಚ್ಚ ತುಂಬೇತಿ’ ಎಂದಳಂತೆ. ಮುದುಕ ನಗುತ್ತ ಹತ್ತಿಯನ್ನು ಬಿಸಿಲಿಗೆ ಹರಡಿ ಕೂತ. ಅವಳಿಗೆ ಆ ಕೆಲಸ ಇಷ್ಟವಾಗಿತ್ತು. ಎರಡು ಹೆಬ್ಬೆರಳುಗಳ ನಡುವೆ ಚಿಟಿಕೆ ಅರಳೆ ಹಿಡಿದು ಎಳೆದು, ಎಳೆಯ ಉದ್ದ ನೋಡುವ ಅಭ್ಯಾಸ ಹೇಗೆ ಮೈಗೂಡಿತೆಂದರೆ, ನಮ್ಮ ಮನೆಗೆ ಬಂದರೆ ನನ್ನ ದಿಂಬಿನ ಮೂಲೆಯಿಂದಲೂ ಹತ್ತಿ ಎಳೆದು, ‘ಸಾರ್, ನಿಮಗ ಮೋಸ ಆಗೇತ್ರಿ’ ಎನ್ನುತ್ತಿದ್ದಳು.

ಅವಳ ಮೊದಲ ಸುಗ್ಗಿ ಭರದಲ್ಲಿತ್ತು, ಕಾರ್ತಿಕದ ದೀಪಗಳು ಆಗಷ್ಟೇ ಮುಗಿದಿದ್ದವು. ಆಗ ಒಂದು ಫೋನು ಬಂತು. ಕರ್ನೂಲಿನ ಹೊರವಲಯದಲ್ಲಿ ಹತ್ತಿ ಬೀಜದ ಕಂಪನಿಯೊಂದಿದೆ. ಹೊಸ ತಳಿಗಳ ಎಳೆಯನ್ನು ಪರೀಕ್ಷಿಸುವ ದೊಡ್ಡ ಲ್ಯಾಬು ಅವರದು; ಕೆಲಸದ ಜೊತೆಗೆ ಎಂ.ಎಸ್ಸಿ.ಯನ್ನೂ ಓದಿಸುತ್ತಾರೆ. ಕಾಲೇಜಿನಲ್ಲಿದ್ದಾಗ ಭುವನಾ ಅಲ್ಲಿಗೆ ಇಂಟರ್‌ವ್ಯೂಗೆ ಹೋಗಿ ಬಂದು, ಉತ್ತರ ಬಾರದೆ ಮರೆತೇಬಿಟ್ಟಿದ್ದಳು. ಈಗ ಹಾರಿಕಾ ಎಂಬ ಆಫೀಸಿನಾಕೆ ಫೋನು ಮಾಡಿ, ‘ಭುವನಾಗಾರೂ, ಮೀರು ಸೆಲೆಕ್ಟ್ ಅಯ್ಯಾರು. ಒಕಟೋ ತೇದೀಕಿ ಚೇರತಾರಾ?’ ಎಂದು ಕೇಳಿದಳು. ಮುಂದಿನ ಒಂದನೇ ತಾರೀಖಿಗೆ ಬಂದು ಸೇರಬೇಕು. ಹುಟ್ಟಿದಾಗಿನಿಂದ ಚಹಾಕ್ಕೂ ‘ತಡೀರಿ’ ಎನ್ನುತ್ತ ಬಂದ ಹುಡುಗಿ, ಆ ಮಾತು ಮುಗಿಯುವಷ್ಟರಲ್ಲೇ, ‘ಆತು... ಸರೇನಂಡಿ, ವಸ್ತಾನು’ ಎಂದು ಬರಲು ಒಪ್ಪಿಬಿಟ್ಟಳು.

ಫೋನು ಇಟ್ಟ ಮೇಲೆಯೇ ಅವಳಿಗೆ ಮಿಲ್ಲಿಗೆ ಕೊಟ್ಟ ಮಾತು ನೆನಪಾಯಿತು. ಅದನ್ನು ಅವಳೇ ಆಮೇಲೆ ನನಗೆ ಹೇಳಿದಳು. ಒಂದೇ ರಾಶಿಯನ್ನು ಇಬ್ಬರಿಗೆ ಮಾರುವುದಕ್ಕಿಂತ ದೊಡ್ಡ ಪಾಪ ಹತ್ತಿ ಪೇಟೆಯಲ್ಲಿಲ್ಲ. ಹಾಗೆ ಮಾರಿದವನ ಟವೆಲ್ಲಿನ ಕೆಳಗೆ ಆಮೇಲೆ ಯಾರೂ ಕೈ ಇಡುವುದಿಲ್ಲ. ಇಲ್ಲಿ ಅಜ್ಜ ಕೈ ಒತ್ತಿದ ಎರಡು ಸುಗ್ಗಿ, ಅಲ್ಲಿ ತಾನು ಒಪ್ಪಿದ ಒಂದನೇ ತಾರೀಖು. ಅವಳ ವಯಸ್ಸಿನ ಬೇರೆ ಯಾರಿಗಾದರೂ ಸಿಹಿ ಹಂಚುವ ದಿನವಾಗುತ್ತಿದ್ದ ಆ ದಿನ, ಅವಳು ಸಪ್ಪೆ ಮುಖ ಹಾಕಿಕೊಂಡು ಮನೆಗೆ ಬಂದು, ಊಟದ ತಟ್ಟೆಯ ಮುಂದೆ ಎಲ್ಲವನ್ನೂ ಹೇಳಿದಳು.

ಸಿದ್ದಬಸಪ್ಪ ಕೈಯಲ್ಲಿದ್ದ ರೊಟ್ಟಿಯನ್ನು ತಟ್ಟೆಗೆ ಹಾಕಿದ. ‘ಕೈ ಒತ್ತಿದವ ನಾನು. ಎರಡು ಸುಗ್ಗಿ ಅಂದ್ರ ಎರಡು ಸುಗ್ಗಿ’ ಎಂದು ಎದ್ದು ಕೈ ತೊಳೆದುಕೊಂಡ. ಅವತ್ತಿನಿಂದ ಆ ವಿಷಯವಾಗಿ ಅವನ ಬಾಯಿಂದ ಬೇರೆ ಮಾತೇ ಹೊರಡಲಿಲ್ಲ. ಮುದುಕ ಜಾಣನೂ ಅಲ್ಲ, ಜ್ಞಾನಿಯೂ ಅಲ್ಲ, ಹಠಮಾರಿ.

ಉಪಾಯಕ್ಕೇನೂ ಕೊರತೆಯಿರಲಿಲ್ಲ. ಬೈಕಿನ ಶೋರೂಮಿನಲ್ಲಿರುವ ಸೋದರಮಾವನ ಮಗ ಬಸವಕಿರಣ ಕಾಲ ಮೇಲೆ ಕಾಲು ಹಾಕಿ, ‘ಏ ಹುಚ್ಚಿ, ಒಂದು ಮೇಲ್ ಒಗಿ, ಸಿಮ್ ಬದಲಿ ಮಾಡು, ಹೋಗಿಬಿಡು. ಯಾವಾನು ಹಿಂದ ಬರ್ತಾನ? ಎಲ್ಲಾರೂ ಹಂಗ ಮಾಡೂದು, ನಾನೂ ಹಂಗ ಬಂದೀನಿ ಇಲ್ಲಿಗೆ’ ಎಂದ. ಅಜ್ಜಿ ಹೂವಮ್ಮನದು ಇನ್ನೂ ನಯವಾದ ದಾರಿ.

‘ಮದ್ವಿ ಗೊತ್ತಾಗೇತಿ ಅಂತ ಹೇಳವ್ವಾ. ಗಂಡಿನ ಕಡ್ಯಾರು ಕೆಲ್ಸ ಬ್ಯಾಡಂತಾರ ಅನ್ನು. ಗಾದಿಲಿಂಗಪ್ಪ ತುಟಿ ಪಿಟಕ್ಕನ್ನಂಗಿಲ್ಲ.’

‘ಆಮ್ಯಾಲೆ ಮದ್ವಿ ಎಲ್ಲಿ ಅಂತ ಕೇಳಿದ್ರ?’

‘ಮುರೀತು ಅಂದ್ರಾತು. ಲೋಕದಾಗ ಮದ್ವಿ ಮುರಿಯೂದಿಲ್ಲೇನು?’

ಹೂವಮ್ಮನ ಉಪಾಯವನ್ನು ಕೇಳಿ ನಾನು ನಕ್ಕೆ, ಆದರೆ ನಕ್ಕು ಮುಗಿದ ಮೇಲೆ ಯೋಚನೆಗೆ ಬಿದ್ದೆ. ಮುದುಕಿ ಹೇಳಿದ್ದರಲ್ಲಿ ಸತ್ಯವಿತ್ತು. ನಮ್ಮ ಕಡೆ ಹೆಣ್ಣುಮಗಳು ಮದುವೆಗೆಂದು ಕೆಲಸ ಬಿಟ್ಟರೆ ಅದು ಶುಭಕಾರ್ಯ. ಧಣಿಯೇ ಕುಂಕುಮ ಹಚ್ಚಿಸಿ, ಸೀರೆ ಕೊಟ್ಟು, ಕಣ್ಣು ಒರೆಸಿಕೊಳ್ಳುತ್ತಾನೆ. ಅವಳೇ ಇನ್ನೊಂದು ಕೆಲಸ ಚೆನ್ನಾಗಿದೆಯೆಂದು ಬಿಟ್ಟರೆ ಉಂಡ ಮನೆಗೆ ಎರಡು ಬಗೆದವಳು. ಕೊಟ್ಟ ಮಾತು ಎರಡು ಕಡೆಯೂ ಮುರಿದದ್ದೇ, ಮಿಲ್ಲಿಗೆ ಆಗುವ ನಷ್ಟವೂ ಒಂದೇ. ಆದರೂ ಪರರ ಮನೆಗಾಗಿ ಬಿಟ್ಟರೆ ಪುಣ್ಯ, ತನಗಾಗಿ ಬಿಟ್ಟರೆ ದ್ರೋಹ. ಈ ತಕ್ಕಡಿಯನ್ನು ಯಾರು ಯಾವಾಗ ತೂಗುಹಾಕಿದರೋ ತಿಳಿಯದು, ನಾವೆಲ್ಲ ಅದರಲ್ಲೇ ತೂಗುತ್ತ ಬಂದಿದ್ದೇವೆ.

ಭುವನಾ ಅಜ್ಜಿಯ ಮಾತಿಗೆ ‘ತಡೀರಿ’ ಎನ್ನಲಿಲ್ಲ, ಸೀದಾ ‘ಒಲ್ಲೆ’ ಎಂದಳು. ಆದರೆ ತಾನು ಎರಡು ಮಾತುಗಳ ನಡುವೆ ಸಿಕ್ಕಿಬಿದ್ದಿದ್ದೇನೆ, ಯಾವುದನ್ನು ಮುರಿದರೂ ಪಾಪವೇ ಎಂದು ಕೊರಗುತ್ತಿದ್ದಳು. ಆ ಕೊರಗಿನಲ್ಲೊಂದು ನೆಮ್ಮದಿಯೂ ಇತ್ತೆಂದು ಕಾಣುತ್ತದೆ. ಸಿಕ್ಕಿಬಿದ್ದವರು ಆಯ್ಕೆ ಮಾಡಬೇಕಾಗಿಲ್ಲವಲ್ಲ. ಆ ನೆಮ್ಮದಿಯೂ ಉಳಿಯಲಿಲ್ಲ. ಸೇರುವ ದಿನವನ್ನು ಮುಂದೆ ಹಾಕಲು ಬರುತ್ತದೆಯೇ ಎಂದು ಕೇಳಲು ಹಾರಿಕಾಗೆ ಫೋನು ಮಾಡಿದವಳು, ಮಾತು ಕೊಟ್ಟಿದ್ದೇನೆ, ಅದಕ್ಕೇ ಸಂಕಟ ಎಂದು ಅರ್ಧ ತೆಲುಗಿನಲ್ಲಿ ಅರ್ಧ ಕನ್ನಡದಲ್ಲಿ ವಿವರಿಸತೊಡಗಿದಳು. ಹಾರಿಕಾ ನಕ್ಕಳು. ‘ಮಾಟ ಏಂಟಮ್ಮಾ? ಫೋನ್‌ಲೋ ಚೆಪ್ಪಿಂದಿ ಎವರೂ ಪಟ್ಟುಕೋರು. ವದ್ದಂಟೆ ಒಕ ಮೇಲ್ ಪೆಟ್ಟಂಡಿ, ಇಂಕೊಕರಿಕಿ ಇಸ್ತಾಂ’ ಎಂದಳು. ಮಾತು ಎಂಥದಮ್ಮಾ, ಫೋನಿನಲ್ಲಿ ಹೇಳಿದ್ದನ್ನು ಇಲ್ಲಿ ಯಾರೂ ಹಿಡಿದುಕೊಂಡು ಕೂರುವುದಿಲ್ಲ, ಬೇಡವಾದರೆ ಒಂದು ಮೇಲ್ ಹಾಕಿ, ಬೇರೆಯವರಿಗೆ ಕೊಡುತ್ತೇವೆ ಎಂದು ಅರ್ಥ. ದಿನ ಮುಂದೆ ಹೋಗುವುದಿಲ್ಲ ಎಂಬುದನ್ನೂ ಅಷ್ಟೇ ನಗುನಗುತ್ತ ತಿಳಿಸಿದಳು.

ಆ ಸಂಜೆ ಅವಳು ನಮ್ಮ ಮನೆಯ ಕಟ್ಟೆಯ ಮೇಲೆ ಬಂದು ಕೂತಳು.

‘ಸಾರ್, ಅಲ್ಲಿ ನನ್ನ ಮಾತಿಗೆ ಏನೂ ತೂಕಿಲ್ರಿ,’ ಎಂದಳು. ‘ಅಂದಮ್ಯಾಲೆ ಇಲ್ಲೀದು ಒಂದ ಮಾತು ಉಳೀತು. ಅದನ್ನ ನಡಸಿದ್ರ ಮುಗದ ಹೋತು. ಆದ್ರ ನನಗ ಆ ಕೆಲ್ಸ ಬೇಕಾಗೇತ್ರಿ. ಬೇಕು ಅಂತನ ಬೇಕಾಗೇತಿ. ಅದಕ್ಕ ಮತ್ತೊಂದು ಕಾರಣ ಇಲ್ಲ.’

ನಾನು ಮಾಸ್ತರ, ಗಾದೆ ಹೇಳದೆ ಇರಲಾರೆ. ಹೊಸ ನೀರು ಬಂದು ಹಳೆ ನೀರನ್ನು ಕೊಚ್ಚಿಕೊಂಡು ಹೋಗುವುದು ಲೋಕರೂಢಿ ಎಂದು ಏನೋ ಹೇಳಿದೆ. ಅವಳು ನನ್ನ ಗಾದೆಯನ್ನು ಕೇಳಿಸಿಕೊಳ್ಳದೆ ತನ್ನದೇ ಕೆಳದುಟಿಯನ್ನು ಕಚ್ಚಿಕೊಂಡು ಕೂತಿದ್ದಳು. ಅವಳಿಗೆ ನೋವಾದದ್ದು ಎಲ್ಲಿ ಎಂಬುದು ನನಗೆ ಆಗ ಅರ್ಥವಾಯಿತು. ತನ್ನ ಆಸೆಗೆ ಇಷ್ಟು ದಿನ ಮಾತಿನ ಮುಸುಕು ಹಾಕಿಟ್ಟಿದ್ದಳು, ಈಗ ಮುಸುಕು ಹೋಗಿ ಆಸೆಯೊಂದೇ ಎದುರಿಗೆ ಬಂದು ನಿಂತಿತ್ತು. ನಮ್ಮ ಮಕ್ಕಳಿಗೆ ತ್ಯಾಗವನ್ನು ಕಲಿಸುತ್ತೇವೆ, ವಿಧೇಯತೆಯನ್ನು ಕಲಿಸುತ್ತೇವೆ. ‘ನನಗೆ ಬೇಕು’ ಎಂದು ಮುಖವೆತ್ತಿ ಹೇಳುವುದನ್ನು ಮಾತ್ರ, ಹೆಣ್ಣುಮಕ್ಕಳಿಗಂತೂ, ಯಾವ ಶಾಲೆಯಲ್ಲೂ ಕಲಿಸಿಲ್ಲ. ನಾನೂ ಕಲಿಸಲಿಲ್ಲ.

ಮರುದಿನ ಬೆಳಿಗ್ಗೆ ಗಾದಿಲಿಂಗಪ್ಪನ ಜಗಲಿ ಎಂದಿನಂತೆ ತುಂಬಿತ್ತು. ಪೇಟೆಗೆ ಹೊರಡುವ ಮುನ್ನ ದಲಾಲಿಗಳು ಅಲ್ಲಿ ಕೂತು ದರದ ಗಾಳಿ ಹೇಗಿದೆಯೆಂದು ನೋಡುವ ಹೊತ್ತು. ಸಿದ್ದಬಸಪ್ಪ ಮಾತ್ರ ಬಂದಿರಲಿಲ್ಲ. ನಾನು ಪತ್ರಿಕೆಯ ಮರೆಯಲ್ಲಿದ್ದೆ. ಧಣಿ ಒಬ್ಬನೇ ಇರುವಾಗ, ಮಿಲ್ಲಿನ ಹಿಂದೆ ಎಲ್ಲೋ, ಮೆಲ್ಲಗೆ ಹೇಳಿ ಮುಗಿಸಬಹುದಾಗಿತ್ತು. ಅವಳು ಕೋಟು ಹಾಕಿಕೊಳ್ಳದೆ, ದುಪಟ್ಟಾ ಬಿಗಿದು, ಎಲ್ಲರ ಮುಂದೆ ಬಂದು ನಿಂತಳು.

‘ಸಾವ್ಕಾರ್ರ, ನಾ ಕೆಲ್ಸ ಬಿಡ್ತೀನ್ರಿ.’

ಗಾದಿಲಿಂಗಪ್ಪನ ಲೋಟ ಬಾಯಿಯ ಹತ್ತಿರ ನಿಂತಿತು. ಮರುಗಳಿಗೆಯಲ್ಲೇ ಅವನ ಮುಖ ಅರಳಿತು. ‘ಮದ್ವಿ ಗೊತ್ತಾತೇನವ್ವಾ? ಎಲ್ಲ್ಯಾರು ಗಂಡಿನ ಕಡ್ಯಾರು, ರಾಯಚೂರಿನ್ಯಾರೇನು?’ ಎಂದ. ಜಗಲಿಯವರೆಲ್ಲ ನಕ್ಕು ಸ್ವಲ್ಪ ಸರಿದು ಕೂತರು. ಬಾಗಿಲನ್ನು ಅವನೇ ತೆರೆದು ಹಿಡಿದಿದ್ದ, ಇವಳು ತಲೆಯಾಡಿಸಿದ್ದರೆ ಸಾಕಿತ್ತು. ನಾನು ಪತ್ರಿಕೆಯ ಹಿಂದೆ, ತಲೆಯಾಡಿಸಿಬಿಡು ತಾಯಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

‘ಮದ್ವಿ ಅಲ್ರಿ. ಕರ್ನೂಲಾಗ ಬೀಜದ ಕಂಪನ್ಯಾಗ ಕೆಲ್ಸ ಸಿಕ್ಕೈತ್ರಿ. ಇದಕ್ಕಿಂತ ಛಲೋ ಐತ್ರಿ.’

‘ಇಲ್ಲೇನ್ ಕಡಿಮಿ ಮಾಡೀನವ್ವಾ ನಿನಗ?’

‘ಏನೂ ಕಡಿಮಿ ಮಾಡಿಲ್ರಿ. ನನಗ ಅದು ಬೇಕಾಗೇತಿ.’

ಅವನು ಲೋಟ ಕೆಳಗಿಟ್ಟ. ‘ಹಂಗಾದ್ರ ಸಿದ್ದಬಸಪ್ಪನ ಕೈಗೆ ಇಷ್ಟ ಏನು ಬೆಲಿ?’

ಅವಳಿಗೆ ಇದೇ ಭಯವಿತ್ತು. ‘ಅಜ್ಜನ ಮ್ಯಾಲೆ ಹಾಕಬ್ಯಾಡ್ರಿ. ಆತು ಅಂದಾಕಿ ನಾನು, ಮುರದಾಕಿನೂ ನಾನ. ಅಜ್ಜ ಬ್ಯಾಡ ಅಂದಾನ್ರಿ, ನಾ ಕೇಳಿಲ್ಲ. ಈ ತಿಂಗಳು ಮುಗಿಯೂತನಕ ಬರ್ತೀನಿ, ಯಾರನ್ನಾರ ಇಟ್ರ ಕಲಿಸಿ ಹೊಕ್ಕೀನಿ.’

ಗಾದಿಲಿಂಗಪ್ಪ ಅವಳನ್ನೇ ನೋಡುತ್ತ, ಸಿಟ್ಟಿಗಿಂತ ಸಂಕಟವೇ ಹೆಚ್ಚಿದ್ದ ದನಿಯಲ್ಲಿ, ‘ಮದ್ವಿ ಅಂದಿದ್ರ ಸೀರಿ ಉಡಿಸಿ ಕಳಸ್ತಿದ್ನೆಲ್ಲವ್ವಾ’ ಎಂದ.

‘ಸೀರಿ ಬ್ಯಾಡ್ರಿ,’ ಎಂದಳು ಅವಳು. ‘ಬೈದು ಕಳಸ್ರಿ.’

ಬೈದ. ಕನ್ನಡದಲ್ಲಿ ಸುರುಮಾಡಿ, ತೆಲುಗಿಗೆ ಹತ್ತಿ, ಸಿಟ್ಟು ನೆತ್ತಿಗೇರಿದ ಮೇಲೆ ಉರ್ದುವಿಗಿಳಿದು ಬೈದ. ಉಪ್ಪು ತಿಂದ ಮನೆಯನ್ನು ನೆನೆದ, ಹೊಲಿಸಿದ ಕೋಟನ್ನು ನೆನೆದ, ಅವಳ ಚೀಟಿ ನಂಬಿ ನೂಲಿನ ಗಿರಣಿಗೆ ಒಪ್ಪಿಕೊಂಡ ಬೇಲುಗಳನ್ನು ನೆನೆದ, ಈಗಿನ ಹುಡುಗರ ಜಾತಕವನ್ನೆಲ್ಲ ಜಾಲಾಡಿದ. ಅವಳು ನೆಲ ನೋಡಲಿಲ್ಲ, ಅಳಲಿಲ್ಲ, ಎದುರು ಮಾತಾಡಲಿಲ್ಲ. ಪೂಜೆಯಲ್ಲಿ ಮಂಗಳಾರತಿ ಮುಗಿಯುವವರೆಗೆ ನಿಲ್ಲುವ ಹಾಗೆ ಕೊನೆಯತನಕ ನಿಂತಳು. ‘ನಾಳಿಂದ ಬರಬ್ಯಾಡ’ ಎಂದು ಅವನು ಕೂಗಿ ಮುಗಿಸಿದ ಮೇಲೆ ಒಳಗೆ ಹೋಗಿ, ಕೋಟು ತೊಟ್ಟು, ಅವತ್ತಿನ ಹತ್ತಿಯ ತೇವ ನೋಡಲು ಕೂತಳು.

ಮರುದಿನವೂ ಬಂದಳು. ಗೇಟಿನ ದುರುಗಣ್ಣ ಫಜೀತಿಗೆ ಬಿದ್ದು, ‘ಸಾವ್ಕಾರ್ರು ಒಳಗ ಬಿಡಬ್ಯಾಡ ಅಂದಾರವ್ವಾ... ಅಂದಿಲ್ಲ, ಅಂದಂಗ ಮಾರಿ ಮಾಡ್ಯಾರ’ ಎಂದ. ಅವಳು ‘ಹಂಗಾದ್ರ ಅಂದಮ್ಯಾಲೆ ಹೇಳು’ ಎಂದು ಒಳಗೆ ನಡೆದಳು. ಗಾದಿಲಿಂಗಪ್ಪ ಆ ತಿಂಗಳೆಲ್ಲ ಅವಳೊಡನೆ ಮಾತಾಡಲಿಲ್ಲ, ಅವಳ ಮೇಜಿನತ್ತ ನೋಡಲೂ ಇಲ್ಲ. ಆದರೆ ಎಂದಿನ ಹೊತ್ತಿಗೆ ಆ ಮೇಜಿಗೆ ಹೋಗುತ್ತಿದ್ದ ಚಹಾ ಒಂದು ದಿನವೂ ತಪ್ಪಲಿಲ್ಲ. ಪತ್ತಿಕೊಂಡದಿಂದ ಬಾಲರಾಜ್ ಎಂಬ ಹೊಸ ಪದವೀಧರನನ್ನು ತಂದಿಟ್ಟರು. ಅವಳು ಅವನಿಗೆ ಕೆಲಸವನ್ನೆಲ್ಲ ಕಲಿಸಿ, ತಿಂಗಳ ಕೊನೆಗೆ ಕರ್ನೂಲಿಗೆ ಹೋದಳು. ಹೋಗುವಾಗ ಸಿದ್ದಬಸಪ್ಪ ಪೇಟೆಯಲ್ಲಿದ್ದ, ಬೇಕೆಂತಲೇ ಇದ್ದ.

ಬೈಸಿಕೊಂಡದ್ದರಿಂದ ಲೆಕ್ಕ ಚುಕ್ತಾ ಆಯಿತೆಂದು ಯಾರಾದರೂ ತಿಳಿದಿದ್ದರೆ ಅದು ತಪ್ಪು. ಗಾದಿಲಿಂಗಪ್ಪ ಪೇಟೆಯಲ್ಲಿ ಸಿದ್ದಬಸಪ್ಪನ ಮುಂದಿನಿಂದಲೇ ಹಾದು ಬೇರೆ ದಲಾಲಿಗಳ ಬಳಿ ಕೂರತೊಡಗಿದ. ದೊಡ್ಡ ಗಿರಾಕಿ ಕೈಬಿಟ್ಟದ್ದನ್ನು ಕಂಡು ಸಣ್ಣವರೂ ಹಿಂದೆಮುಂದೆ ನೋಡಿದರು. ಮುದುಕ ತನ್ನ ಟವೆಲ್ಲನ್ನು ಮಡಿಲಲ್ಲಿಟ್ಟುಕೊಂಡು, ದಿನವೂ ಅದೇ ಜಾಗದಲ್ಲಿ, ಖಾಲಿ ಕೂತಿರುತ್ತಿದ್ದ. ಅದನ್ನು ನೋಡಿ ನನಗೆ ಸಂಕಟವಾಯಿತು, ಮೊಮ್ಮಗಳ ಮೇಲೂ ಒಂದಿಷ್ಟು ಸಿಟ್ಟು ಬಂತು. ಅವಳು ದಿನಾ ರಾತ್ರಿ ಫೋನು ಮಾಡುತ್ತಿದ್ದಳಂತೆ. ಹೂವಮ್ಮ ಮಾತಾಡುತ್ತಿದ್ದಳು, ಮುದುಕ ಮಾತಾಡುತ್ತಿರಲಿಲ್ಲ. ಅಜ್ಜನ ಟವೆಲ್ ಖಾಲಿಯಾಗಿದೆ ಎಂಬ ಸುದ್ದಿ ಅವಳಿಗೆ ಹೇಗೋ ಮುಟ್ಟಿತ್ತು. ‘ನನ್ನ ಆಸೇದು ರೊಕ್ಕ ಅಜ್ಜನ ಕಡಿಂದ ವಸೂಲಿ ಮಾಡಾಕತ್ಯಾರ ಸಾರ್’ ಎಂದು ನನ್ನೊಡನೆ ಫೋನಿನಲ್ಲಿ ಅತ್ತಳು. ಜಗಲಿಯ ಮೇಲೆ ಅಳದವಳು ಅಲ್ಲಿ ಅತ್ತಳು.

ಸಂಕ್ರಾಂತಿ ಕಳೆದ ಮೇಲೆ ಬಾಲರಾಜ್ ಒಂದು ದಿನ ಫೋನು ಮಾಡಿ, ತನ್ನ ಅಜ್ಜಿ ತೀರಿಕೊಂಡಳೆಂದು ಬಿಕ್ಕಿದ. ಗಾದಿಲಿಂಗಪ್ಪ ಕರಗಿ, ಎಲ್ಲ ಕಾರ್ಯ ಮುಗಿಸಿಕೊಂಡೇ ಬಾ ಎಂದ. ಕಾರ್ಯ ಮುಗಿಯುವ ಹೊತ್ತು ಕಳೆದರೂ ಹುಡುಗ ಬರಲಿಲ್ಲ, ಫೋನೂ ಹತ್ತಲಿಲ್ಲ. ಇನ್ನೂ ಎಳೆಯ ಹುಡುಗ, ದುಃಖ ಜಾಸ್ತಿಯಾಗಿರಬೇಕು ಎಂದು ದುರುಗಣ್ಣನನ್ನು ಪತ್ತಿಕೊಂಡಕ್ಕೆ ಕಳಿಸಿದರು. ಅವನು ಸಂಜೆ ಬಂದು ಜಗಲಿಯ ಕಂಬಕ್ಕೊರಗಿ ನಿಂತು ವರದಿ ಒಪ್ಪಿಸಿದ.

‘ಅಜ್ಜಿ ಟಮಾಟಿ ಮಾರ್ಕೆಟ್ಟಿನ್ಯಾಗ ಕುಂತು ಬುಟ್ಟಿ ಯಾಪಾರ ಮಾಡಾಕತ್ತಿದ್ಲ್ರಿ. ಹುಡುಗ ಗುಂಟೂರಿನ ಮಿಲ್ಲಿಗೆ ಹೋಗ್ಯಾನಂತ. ಆಕಿನ ನನಗ ಚಾ ಕುಡಿಸಿ ಕಳಿಸಿದ್ಲು.’

ಜಗಲಿಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಗಾದಿಲಿಂಗಪ್ಪ ನಗಲಿಲ್ಲ. ಬೈಯಲೂ ಇಲ್ಲ, ಬೈಯುವುದಕ್ಕೆ ಎದುರಿಗೆ ಯಾರಿದ್ದರು? ಸತ್ತ ಅಜ್ಜಿಗಾಗಿ ತಾನು ಮರುಗಿದ್ದೂ ದಂಡ, ಈಗ ಬಂದ ಸಿಟ್ಟೂ ದಂಡ. ಕೊನೆಗೆ, ಯಾರಿಗೆಂದೂ ಇಲ್ಲದೆ, ‘ಆಕಿ ಮುಂದ ನಿಂತು ಬೈಸಿಕೊಂಡು ಹೋದ್ಲಪಾ’ ಎಂದ.

ಮುಂದಿನ ಪೇಟೆಯ ದಿನ ಅವನು ಸಿದ್ದಬಸಪ್ಪನ ಎದುರು ಹೋಗಿ ಕೂತ. ಮುದುಕ ಟವೆಲ್ ಬಿಡಿಸಿದ; ಗಾದಿಲಿಂಗಪ್ಪ ಅದರ ಕೆಳಗೆ ಕೈ ಇಟ್ಟ. ಒಳಗೆ ಏನು ದರವಾಯಿತೋ ನನಗೆ ತಿಳಿಯದು. ಅವತ್ತು ಸಿದ್ದಬಸಪ್ಪ ತಾನಾಗಿಯೇ ಕರ್ನೂಲಿಗೆ ಫೋನು ಮಾಡಿಸಿ, ‘ಗಾದಿಲಿಂಗಪ್ಪ ಬಂದು ಕುಂತಿದ್ದ. ಯಾಪಾರ ಆತು. ನೀ ಉಂಡಿ ಏನು?’ ಎಂದು ಕೇಳಿದನಂತೆ. ಅವಳು ‘ತಡೀ ಅಜ್ಜ’ ಎಂದು ಫೋನು ಬದಿಗಿಟ್ಟು ಕಣ್ಣು ಒರೆಸಿಕೊಂಡಳಂತೆ.

ಗಾದಿಲಿಂಗಪ್ಪ ಅವಳನ್ನು ಪೂರ್ತಿ ಕ್ಷಮಿಸಿದ್ದಾನೆಂದು ನಾನು ಹೇಳಲಾರೆ. ರಜೆಗೆ ಬಂದಾಗ ಅವಳು ಮಿಲ್ಲಿಗೆ ಹೋಗುತ್ತಾಳೆ. ಅವನು ಕೂರು ಎನ್ನುವುದಿಲ್ಲ, ‘ಬಂದೆಲ್ಲವ್ವಾ, ದೊಡ್ಡ ಕಂಪನಿಯಾಕಿ’ ಎಂದು ಒಂದು ಸುತ್ತು ಹಂಗಿಸಿ, ಆಮೇಲೆ ಅಂಗೈಯಲ್ಲಿ ಚೂರು ಅರಳೆ ಇಟ್ಟು ಹೇಗಿದೆ ನೋಡು ಎನ್ನುತ್ತಾನೆ. ಅವಳ ಜಾಗಕ್ಕೆ ಮತ್ತೊಬ್ಬ ಹುಡುಗಿಯನ್ನು ತೆಗೆದುಕೊಂಡಾಗ ಎಷ್ಟು ದಿನ ಇರುತ್ತೀಯೆಂದು ಅವನು ಕೇಳಲಿಲ್ಲ. ‘ಹೋಗೂ ಕಾಲಕ್ಕ ನನ್ನ ಮುಂದ ಬಂದು ಹೇಳಿ ಹೋಗಬೇಕು. ಬೈತೀನಿ. ಬೈಸಿಕೊಂಡು ಹೋಗಬೇಕು’ ಎಂದ. ಹೊಸ ಹುಡುಗಿ ಕಂಗಾಲಾಗಿ ನನ್ನ ಕಡೆ ನೋಡಿದಳು.

ಕೆಲಸ ಬಿಡುವುದು ಈಗಿನವರಿಗೆ ಅಂಗಿ ಬದಲಿಸಿದಷ್ಟು ಸಲೀಸು ಎಂದು ನನ್ನ ವಯಸ್ಸಿನವರು ಗೊಣಗುತ್ತೇವೆ. ಬಿಟ್ಟು ಹೋಗುವವರು ಎಲ್ಲ ಕಾಲದಲ್ಲೂ ಇದ್ದರು. ತಾಯಿಯ ಕಾಯಿಲೆ, ಊರಿನ ಹೊಲ, ಬಾರದ ಮದುವೆ, ಸಾಯದ ಅಜ್ಜಿ ಇವೆಲ್ಲ ಅವರು ದಾಟಿ ಹೋದ ಹಿತ್ತಲ ಬಾಗಿಲುಗಳು. ಆ ದಾರಿಯಲ್ಲಿ ಹೋದವರಿಗೆ ಹೊಸದೂ ದಕ್ಕುತ್ತದೆ, ಹಳೆಯ ಒಳ್ಳೆಯ ಹೆಸರೂ ಒಂದಷ್ಟು ದಿನ ಉಳಿಯುತ್ತದೆ. ಭುವನಾಳಂಥವರು ಎರಡನ್ನೂ ಕೇಳುವುದಿಲ್ಲ. ಅವರು ಮಾತಿಗೆ ತಪ್ಪುವುದಿಲ್ಲವೆಂದಲ್ಲ, ತಪ್ಪುತ್ತಾರೆ, ಆಸೆಪಡುತ್ತಾರೆ, ಹಿರಿಯರ ಹೆಸರಿಗೆ ಧಕ್ಕೆ ತರುತ್ತಾರೆ. ಆದರೆ ತಪ್ಪಿದ್ದು ತಾವೇ ಎಂದು ಹಾಡಹಗಲಲ್ಲಿ ಬಂದು ಮುಖ ಕೊಟ್ಟು ನಿಲ್ಲುತ್ತಾರೆ. ಸುಳ್ಳು ಹೇಳಿ ಹೋದವರು ಹಿಂದೆ ಉಳಿದವರಿಂದ ಸಿಟ್ಟಾಗುವ ಹಕ್ಕನ್ನೂ ಕಸಿದುಕೊಂಡು ಹೋಗುತ್ತಾರೆ, ಆ ಸಿಟ್ಟು ಒಳಗೇ ಕೊಳೆತು ಮುಂದೆ ಬಂದವರ ಮೇಲೆಲ್ಲ ಅನುಮಾನವಾಗಿ ಬೀಳುತ್ತದೆ. ಮನಸಾರೆ ಬೈಯಲು ಸಿಕ್ಕವನ ಸಿಟ್ಟಾದರೋ ಒಂದಲ್ಲ ಒಂದು ದಿನ ಇಳಿಯುತ್ತದೆ, ಅವನು ಇನ್ನೊಬ್ಬರನ್ನು ನಂಬಲು ಮತ್ತೆ ಕೈ ಚಾಚುತ್ತಾನೆ.